ಕೂಲಿ ಕೈಗೆ, ಯೋಚನೆ ಯಾರ ಪಾಲಿಗೆ?

ಕೂಲಿ ಕೊಟ್ಟ ಮೇಲೆ ಕೆಲಸಗಾರನದು ಏನೇನು ಮಾಲೀಕನದಾಗುತ್ತದೆ? ಅವನ ಎಂಟು ಗಂಟೆ ಆಗುತ್ತದೆ. ಆ ಎಂಟು ಗಂಟೆಯಲ್ಲಿ ಅವನ ಕೈಯಿಂದ ಹುಟ್ಟಿದ ವಸ್ತು ಆಗುತ್ತದೆ. ಇದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಕೆಲಸ ಮಾಡುತ್ತ ಮಾಡುತ್ತ ಅವನಿಗೆ ಹೊಳೆದ ಒಂದು ಉಪಾಯ, 'ಇದನ್ನು ಹೀಗೆ ಮಾಡಿದರೆ ಆಗಲ್ವಾ' ಎಂದು ಅವನು ಆಡಿದ ಒಂದು ಮಾತು, ಅದು ಯಾರದು?

ಸಣ್ಣ ಉದ್ಯಮಗಳ ಬಗ್ಗೆ ಬರೆಯುವವರು, ತರಬೇತಿ ಕೊಡುವವರು ಒಂದು ಸಲಹೆಯನ್ನು ತಪ್ಪದೆ ಹೇಳುತ್ತಾರೆ: ನಿಮ್ಮ ಕೆಲಸಗಾರರ ಮಾತು ಕೇಳಿ, ಅವರ ಯೋಚನೆಗಳನ್ನು ಬಳಸಿಕೊಳ್ಳಿ, ಉದ್ಯಮ ಬೆಳೆಯುತ್ತದೆ. ಸಲಹೆ ಸರಿಯಾಗಿಯೇ ಇದೆ. ನನ್ನನ್ನು ಕಾಡುವುದು ಅದರೊಳಗಿನ 'ಬಳಸಿಕೊಳ್ಳಿ' ಎಂಬ ಮಾತು. ಬಳಸಿಕೊಂಡ ಮೇಲೆ ಏನು? ಪಡೆದದ್ದಕ್ಕೆ ಪ್ರತಿಯಾಗಿ ಏನಾದರೂ ಸಲ್ಲಬೇಕೆ? ಸಲ್ಲಬೇಕಾದರೆ ಅದು ಹಣವೇ, ಹೆಸರೇ, ಬರೀ ಒಂದು ಒಳ್ಳೆಯ ಮಾತೇ? ಇದನ್ನು ವ್ಯವಹಾರದ ಪ್ರಶ್ನೆ ಎಂದು ಬದಿಗಿಡುವುದು ಸುಲಭ. ನನಗೆ ಇದು ನ್ಯಾಯದ ಪ್ರಶ್ನೆಯಾಗಿ ಕಾಣುತ್ತದೆ.

ಇದನ್ನು ಗಾಳಿಯಲ್ಲಿಟ್ಟು ನೋಡುವುದಕ್ಕಿಂತ ಒಂದು ನೆಲದ ಮೇಲಿಟ್ಟು ನೋಡುವುದು ಮೇಲು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಒಂದು ಜಿಲ್ಲೆಯಾದ ತಾಲ್ಲೂಕುಗಳು. ಇಲ್ಲಿನ ದುಡಿಮೆಯ ದೊಡ್ಡ ಪಾಲು ಸಣ್ಣ ಸಣ್ಣ ಕಡೆಗಳಲ್ಲೇ ನಡೆಯುತ್ತದೆ. ಚನ್ನಪಟ್ಟಣದಲ್ಲಿ ನಾಲ್ಕಾರು ಲೇತುಗಳಿಟ್ಟುಕೊಂಡ ಬೊಂಬೆ ಕಾರ್ಖಾನೆಗಳು, ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕಗಳು, ಕನಕಪುರ ಮಾಗಡಿಯ ಹಳ್ಳಿಗಳಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕುವ ಮನೆಗಳು. ಇವುಗಳ ನಡುವೆಯೇ, ಬಿಡದಿಯಲ್ಲಿ, ಟೊಯೋಟಾದಂಥ ಜಾಗತಿಕ ಕಂಪನಿಯ ಕಾರ್ಖಾನೆ. ಕೆಲಸಗಾರನ ಯೋಚನೆಗೆ ಬೆಲೆ ಕಟ್ಟುವ ಬೇರೆ ಬೇರೆ ರೀತಿಗಳನ್ನು ಒಂದೇ ಜಿಲ್ಲೆಯಲ್ಲಿ ಅಕ್ಕಪಕ್ಕ ಇಟ್ಟು ನೋಡಬಹುದು.

ಮೊದಲು ಬೊಂಬೆ. ಚನ್ನಪಟ್ಟಣದ ಬೊಂಬೆಗೆ ಹಿಂದಿನಿಂದ ಬಳಸುತ್ತ ಬಂದದ್ದು ಆಲೆ ಮರ. ಬಿಳಿಯ, ನಯವಾದ, ಕಡೆಯಲು ಹಗುರವಾದ ಮರ. ಅದನ್ನು ಒಣಗಿಸಿ, ತುಂಡು ಮಾಡಿ, ಲೇತಿಗೆ ಸಿಕ್ಕಿಸಿ ಉಳಿಯಿಂದ ಕಡೆಯುತ್ತಾರೆ. ಆಮೇಲೆ ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೇದಗೆ ಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಹೇಳಲು ನಾಲ್ಕು ಸಾಲು. ಮಾಡಲು ಹೋದರೆ, ಎಷ್ಟು ಒತ್ತಬೇಕು, ಯಾವಾಗ ಕಡ್ಡಿ ಎತ್ತಬೇಕು, ಈ ತುಂಡಿನ ನಾರು ಯಾವ ಕಡೆಗೆ ಓಡುತ್ತಿದೆ, ಕುತ್ತಿಗೆಯನ್ನು ಇಷ್ಟು ತೆಳ್ಳಗೆ ಮಾಡಿದರೆ ಮಗುವಿನ ಕೈಯಲ್ಲಿ ಉಳಿದೀತೇ, ಇವೆಲ್ಲ ಪ್ರತಿ ತುಂಡಿಗೂ ಹೊಸದಾಗಿ ತೀರ್ಮಾನಿಸಬೇಕಾದ ಸಂಗತಿಗಳು. ಕಡೆಯುವವನು ದಿನಕ್ಕೆ ನೂರಾರು ಸಲ ಯೋಚಿಸುತ್ತಾನೆ. ಆ ಯೋಚನೆ ಕೈಯೊಳಗೇ ನಡೆದು ಮುಗಿಯುವುದರಿಂದ ನೋಡುವವರಿಗೆ ಅದು ಬರೀ ಅಭ್ಯಾಸದಂತೆ ಕಾಣುತ್ತದೆ.

ಈ ಊರಿನ ಬೊಂಬೆ ಬದಲಾಗುತ್ತಲೇ ಬಂದಿದೆ. ಟಿಪ್ಪುವಿನ ಕಾಲದಲ್ಲಿ ಪರ್ಷಿಯಾದಿಂದ ಕುಶಲಕರ್ಮಿಗಳು ಬಂದರೆಂದು ಹೇಳುತ್ತಾರೆ. ಬಾವಾಸ್ ಮಿಯಾನ್ ಎಂಬವರು ಜಪಾನಿನ ತಂತ್ರಗಳನ್ನು ತಂದು ಕಲಿಸಿದರೆಂದು ಅವರನ್ನು ಈ ಕಸುಬಿನ ಪಿತಾಮಹ ಎನ್ನುತ್ತಾರೆ. ಬಿಲ್ಲಿನಿಂದ ತಿರುಗಿಸುತ್ತಿದ್ದ ಕೈಲೇತಿನ ಜಾಗಕ್ಕೆ ವಿದ್ಯುತ್ ಲೇತು ಬಂತು. ಚೀನಾದ ಪ್ಲಾಸ್ಟಿಕ್ ಆಟಿಕೆ ಮಾರುಕಟ್ಟೆ ತುಂಬಿದಾಗ ಬೊಂಬೆಯ ಜೊತೆಗೆ ಪರದೆ ಉಂಗುರ, ಕಪಾಟಿನ ಹಿಡಿ, ಬಳೆ, ಓಲೆ, ಊಟದ ಮೇಜಿನ ಸಾಮಾನು ಎಲ್ಲ ಲೇತಿನಿಂದ ಹೊರಬಂದವು. 2023ರ ಮಾರ್ಚಿನಲ್ಲಿ ಬೆಂಗಳೂರು ಮೈಸೂರು ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋದಾಗ ಹಳೇ ರಸ್ತೆಯ ಬೊಂಬೆ ಅಂಗಡಿಗಳ ಮುಂದೆ ನಿಲ್ಲುತ್ತಿದ್ದ ಕಾರುಗಳು ಕಡಿಮೆಯಾದವು. ಮತ್ತೆ ಹೊಸ ದಾರಿ ಹುಡುಕುವ ಕಾಲ. ಇಂಥ ಪ್ರತಿ ತಿರುವಿನಲ್ಲೂ ಉದ್ಯಮವನ್ನು ಉಳಿಸಿದ್ದು ಹೊಸ ಯೋಚನೆಗಳು. ಅವುಗಳಲ್ಲಿ ಎಷ್ಟೋ ಹುಟ್ಟಿದ್ದು ಲೇತಿನ ಮುಂದೆ ಕೂತವರಲ್ಲಿ ಎಂದು ಊಹಿಸಲು ಕಷ್ಟವಿಲ್ಲ. ಆದರೆ ನಮ್ಮ ಕಿವಿಗೆ ಬೀಳುವ ಹೆಸರುಗಳು ಬೆರಳೆಣಿಕೆಯವು.

ಅಂಗಡಿಯಲ್ಲಿ ಒಂದು ಹೊಸ ಬಗೆಯ ಆಟಿಕೆಯನ್ನು ಎತ್ತಿಕೊಂಡು 'ಇದು ಯಾರ ಐಡಿಯಾ ಸಾರ್' ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: 'ನಾವೇ ಮಾಡಿದ್ದು.' ಸುಳ್ಳೇನಲ್ಲ. ಆದರೆ ಆ 'ನಾವು' ಒಳಗೆ ಯಾರು ಯಾರಿದ್ದಾರೆ? ತೆಲುಗಿನಲ್ಲಿ 'ಮನಮು' ಎಂದರೆ ಕೇಳುವವನೂ ಸೇರಿದ ನಾವು, 'ಮೇಮು' ಎಂದರೆ ಅವನನ್ನು ಬಿಟ್ಟ ನಾವು. ತಮಿಳಿನಲ್ಲೂ ತುಳುವಿನಲ್ಲೂ ಈ ಭೇದ ಇದೆ. ಇಂದಿನ ಕನ್ನಡಕ್ಕೆ ಒಂದೇ 'ನಾವು'. ಮಾಲೀಕ 'ನಾವು ಬೆಳೆದಿದ್ದೇವೆ' ಎಂದಾಗ ಲೇತಿನ ಮುಂದೆ ಕೂತವನು ಆ ನಾವುವಿನಲ್ಲಿ ಇದ್ದಾನೋ ಇಲ್ಲವೋ ಎಂಬುದು ವ್ಯಾಕರಣದಿಂದ ತಿಳಿಯುವುದಿಲ್ಲ. ಲಾಭ ಹಂಚುವ ದಿನ ತಿಳಿಯುತ್ತದೆ.

ಕೂಲಿಯಲ್ಲೇ ಎಲ್ಲವೂ ಸೇರಿತಲ್ಲ ಎಂಬ ವಾದವಿದೆ. ಒಳ್ಳೆಯ ಕಡೆತಗಾರನಿಗೆ ಹೊಸಬನಿಗಿಂತ ಹೆಚ್ಚು ಕೊಡುತ್ತೇವೆ, ಆ ಹೆಚ್ಚಳ ಅವನ ಬುದ್ಧಿಗೇ ಅಲ್ಲವೇ? ಸ್ವಲ್ಪ ಮಟ್ಟಿಗೆ ಹೌದು. ಆದರೂ ಶ್ರಮಕ್ಕೂ ಉಪಾಯಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಶ್ರಮ ದಿನದಿನವೂ ತೀರುತ್ತದೆ. ಇವತ್ತಿನ ಕೆಲಸಕ್ಕೆ ಇವತ್ತಿನ ಕೂಲಿ, ನಾಳೆ ಮತ್ತೆ ಕೆಲಸ ಬೇಕಾದರೆ ನಾಳೆ ಮತ್ತೆ ಕೂಲಿ. ಉಪಾಯ ಹಾಗಲ್ಲ. ಒಮ್ಮೆ ಬಾಯಿಬಿಟ್ಟು ಹೇಳಿದರೆ ಅದು ಕಾರ್ಖಾನೆಯಲ್ಲಿ ಉಳಿಯುತ್ತದೆ. ಹೇಳಿದವನು ಕೆಲಸ ಬಿಟ್ಟುಹೋದರೂ ಉಳಿಯುತ್ತದೆ, ಸತ್ತರೂ ಉಳಿಯುತ್ತದೆ. ರಾಗಿ ಮಾರಿದವನಿಗೂ ಬಿತ್ತನೆ ಬೀಜ ಕೊಟ್ಟವನಿಗೂ ಇರುವ ವ್ಯತ್ಯಾಸ ಇದು. ಊಟದ ರಾಗಿ ತೂಕಕ್ಕೆ ಮುಗಿಯಿತು. ಬೀಜ ವರ್ಷ ವರ್ಷವೂ ಬೆಳೆ ಕೊಡುತ್ತದೆ. ಗಂಟೆಯ ಲೆಕ್ಕದ ಕೂಲಿ ತೀರಿಹೋಗುವ ವಸ್ತುವಿಗೆ ಕಟ್ಟಿದ ಬೆಲೆ. ತೀರದೆ ಉಳಿಯುವ ವಸ್ತುವಿಗೆ ಅದೇ ಅಳತೆ ಹೊಂದುವುದಿಲ್ಲ.

ರಾಮನಗರದ ರೇಷ್ಮೆಯಲ್ಲಿ ಇದು ಇನ್ನೂ ಸ್ಪಷ್ಟ. ಒಂದು ಕಿಲೋ ಕಚ್ಚಾ ರೇಷ್ಮೆ ತೆಗೆಯಲು ಎಷ್ಟು ಕಿಲೋ ಗೂಡು ಬೇಕು ಎಂಬ ಲೆಕ್ಕಕ್ಕೆ ರೆಂಡಿಟ್ಟಾ ಎನ್ನುತ್ತಾರೆ. ಗೂಡಿನ ಗುಣ ನೋಡಿಕೊಂಡು ಅದು ಆರರಿಂದ ಎಂಟರ ಆಸುಪಾಸಿನಲ್ಲಿರುತ್ತದೆ. ರೀಲರ್‌ನ ಲಾಭ ನಷ್ಟ ನಿಂತಿರುವುದು ಈ ಸಂಖ್ಯೆಯ ಮೇಲೆ. ಗೂಡು ಹೆಚ್ಚು ಬೆಂದರೆ ಎಳೆ ಜೂಟಿನ ಪಾಲಾಗುತ್ತದೆ, ಕಡಿಮೆ ಬೆಂದರೆ ಎಳೆ ಮತ್ತೆ ಮತ್ತೆ ತುಂಡಾಗುತ್ತದೆ. ಮಳೆಗಾಲದ ಗೂಡು, ಬೇಸಿಗೆಯ ಗೂಡು ಒಂದೇ ಹದದಲ್ಲಿ ಬೇಯುವುದಿಲ್ಲ. ಬಿಸಿನೀರಿನಲ್ಲಿ ಕೈಯಿಟ್ಟು ಎಳೆ ಹುಡುಕುವ ಹೆಂಗಸಿಗೆ ಇದು ಬೆರಳಿನ ತುದಿಯಲ್ಲಿ ಗೊತ್ತು. 'ಅಣ್ಣಾ, ಇವತ್ತಿನ ಗೂಡು ಇಷ್ಟು ಹೊತ್ತು ಬೇಡ, ಬೇಗ ತೆಗೀರಿ' ಎಂದು ಅವಳು ಹೇಳಿದ ಒಂದು ಮಾತಿನಿಂದ ರೆಂಡಿಟ್ಟಾ ಕಾಲು ಕಿಲೋ ಇಳಿಯಿತು ಎಂದುಕೊಳ್ಳೋಣ. ಆ ಉಳಿತಾಯ ಆವತ್ತು ಮಾತ್ರವಲ್ಲ, ಅಂಥ ಗೂಡು ಬಂದಾಗಲೆಲ್ಲ ಮಾಲೀಕನಿಗೆ ಸೇರುತ್ತ ಹೋಗುತ್ತದೆ. ಅವಳ ಕೂಲಿ ಮಾತ್ರ ಹೇಳುವ ಮುಂಚೆ ಎಷ್ಟಿತ್ತೋ ಹೇಳಿದ ಮೇಲೂ ಅಷ್ಟೇ.

ಮಾಲೀಕನ ಪರವಾಗಿ ಹೇಳಬೇಕಾದ್ದನ್ನು ಇಲ್ಲಿಯೇ ಹೇಳಿಬಿಡಬೇಕು. ಉಪಾಯ ತಪ್ಪಾಗಿದ್ದರೆ ಹಾಳಾಗುವ ಗೂಡು ಅವನದು. ಸಾಲ ತೀರಿಸಬೇಕಾದವನು ಅವನು. ಹತ್ತು ಸಲಹೆಗಳಲ್ಲಿ ಎಂಟು ಕೆಲಸಕ್ಕೆ ಬಾರದವು ಇರಬಹುದು, ಅವುಗಳನ್ನು ಜರಡಿ ಹಿಡಿದು ಎರಡನ್ನು ಆರಿಸುವುದೂ ಒಂದು ಬುದ್ಧಿಯೇ. ಸಣ್ಣ ಮಾಲೀಕನೆಂದರೆ ದೊಡ್ಡ ಬಂಡವಾಳಗಾರನೂ ಅಲ್ಲ. ಎಷ್ಟೋ ಕಡೆ ಅವನೇ ನಿನ್ನೆಯವರೆಗೂ ಇನ್ನೊಬ್ಬರ ಲೇತಿನ ಮುಂದೆ ಕೂತಿದ್ದವನು, ಈಗಲೂ ಕೈ ಕಡಿಮೆಯಾದ ದಿನ ತಾನೇ ಉಳಿ ಹಿಡಿಯುವವನು. ಇದೆಲ್ಲ ನಿಜ. ಅಪಾಯ ಹೊತ್ತವನಿಗೆ ಲಾಭದ ಪಾಲು ಸಲ್ಲಬೇಕು ಎಂದು ಇದರಿಂದ ಸಿದ್ಧವಾಗುತ್ತದೆ. ಇಡೀ ಲಾಭ ಅವನಿಗೇ ಸಲ್ಲಬೇಕು ಎಂದು ಸಿದ್ಧವಾಗುವುದಿಲ್ಲ. ಆ ಉಪಾಯ ಎಲ್ಲಿಂದ ಬಂತು ಎಂದು ಹೇಳದೆ ಇರುವ ಹಕ್ಕಂತೂ ಹುಟ್ಟುವುದೇ ಇಲ್ಲ.

ಇನ್ನೊಂದು ದೂರನ್ನು ಮಾಲೀಕರ ಬಾಯಲ್ಲಿ ಆಗಾಗ ಕೇಳುತ್ತೇವೆ: 'ನಮ್ಮ ಹುಡುಗರು ಬಾಯೇ ಬಿಡಲ್ಲ, ಹೇಳಿದ್ದಷ್ಟೇ ಮಾಡ್ತಾರೆ.' ಈ ಮೌನಕ್ಕೆ ಕಾರಣ ದಡ್ಡತನ ಎಂದು ತಿಳಿಯುವುದು ತಪ್ಪು. ಬೊಂಬೆ ಕೆಲಸದಲ್ಲಿ ತುಂಡಿಗಿಷ್ಟು ಎಂಬ ಪೀಸ್ ಲೆಕ್ಕ ಸಾಮಾನ್ಯ. ಕಡೆಯುವವನೊಬ್ಬ ಉಳಿಯನ್ನು ಬೇರೆ ಕೋನದಲ್ಲಿ ಹಿಡಿದು ಅದೇ ಹೊತ್ತಿನಲ್ಲಿ ಅರವತ್ತರ ಬದಲು ಎಂಬತ್ತು ತುಂಡು ಮಾಡುವ ದಾರಿ ಕಂಡುಕೊಂಡ ಎನ್ನಿ. ಅದನ್ನು ಗುಟ್ಟಾಗಿಟ್ಟರೆ ಇಪ್ಪತ್ತು ತುಂಡಿನ ಹೆಚ್ಚುವರಿ ಕೂಲಿ ಅವನದು. ಹೇಳಿದರೆ ಎಲ್ಲರೂ ಎಂಬತ್ತು ಮಾಡುತ್ತಾರೆ, ಕೆಲವು ತಿಂಗಳಲ್ಲಿ ತುಂಡಿನ ದರ ಇಳಿಯುತ್ತದೆ, ಅವನು ಮೊದಲಿನಷ್ಟೇ ದುಡ್ಡಿಗೆ ಮೊದಲಿಗಿಂತ ಹೆಚ್ಚು ತುಂಡು ಕಡೆಯಬೇಕಾಗುತ್ತದೆ. ಅಮೆರಿಕದ ಫ್ರೆಡರಿಕ್ ಟೇಲರ್ 1911ರಲ್ಲಿ ಪ್ರಕಟಿಸಿದ ವೈಜ್ಞಾನಿಕ ನಿರ್ವಹಣೆಯ ಪುಸ್ತಕದಲ್ಲಿ ಕೆಲಸಗಾರರು ಬೇಕೆಂದೇ ನಿಧಾನ ಮಾಡುವುದನ್ನು ದೊಡ್ಡ ರೋಗವೆಂದು ಕರೆದ. ಹೆಚ್ಚು ಮಾಡಿದರೆ ದರ ಕಡಿಯುತ್ತಾರೆಂಬ ಅನುಭವವೇ ಅದಕ್ಕೆ ಕಾರಣವೆಂದು ಅವನೂ ಒಪ್ಪಿದ್ದ. ಅವನು ಸೂಚಿಸಿದ ಮದ್ದು ಬೇರೆ: ಕೆಲಸಗಾರರ ತಲೆಯಲ್ಲಿರುವ ಪರಂಪರೆಯ ತಿಳಿವನ್ನೆಲ್ಲ ಆಡಳಿತದವರು ಸಂಗ್ರಹಿಸಿ ನಿಯಮಗಳನ್ನಾಗಿ ಮಾಡಬೇಕು, ಯೋಚನೆ ಕಚೇರಿಯಲ್ಲಿ ನಡೆಯಬೇಕು, ಕೈ ಕೆಲಸದ ಜಾಗದಲ್ಲಿ. ಕೇಳುವುದಕ್ಕೂ ಕಿತ್ತುಕೊಳ್ಳುವುದಕ್ಕೂ ನಡುವಿನ ಗೆರೆ ಎಷ್ಟು ತೆಳುವೆಂದು ಟೇಲರ್‌ನನ್ನು ಓದಿದರೆ ಗೊತ್ತಾಗುತ್ತದೆ.

ಅರ್ಥಶಾಸ್ತ್ರದ ಮೂಲಗ್ರಂಥವೆನಿಸಿದ ಆಡಮ್ ಸ್ಮಿತ್‌ನ 1776ರ 'ರಾಷ್ಟ್ರಗಳ ಸಂಪತ್ತು' ಪುಸ್ತಕದಲ್ಲಿ ಒಬ್ಬ ಹುಡುಗ ಬರುತ್ತಾನೆ. ಆರಂಭದ ಉಗಿಯಂತ್ರಗಳಲ್ಲಿ ಕೊಂತ ಮೇಲೆ ಕೆಳಗೆ ಹೋದಂತೆಲ್ಲ ಕವಾಟವೊಂದನ್ನು ತೆರೆದು ಮುಚ್ಚಲು ಒಬ್ಬ ಹುಡುಗನನ್ನು ಇಡುತ್ತಿದ್ದರಂತೆ. ಗೆಳೆಯರ ಜೊತೆ ಆಡುವ ಆಸೆಯಿದ್ದ ಒಬ್ಬ ಕವಾಟದ ಹಿಡಿಗೆ ದಾರ ಕಟ್ಟಿ ಯಂತ್ರದ ಇನ್ನೊಂದು ಭಾಗಕ್ಕೆ ಬಿಗಿದ. ಕವಾಟ ತಾನೇ ತೆರೆದು ಮುಚ್ಚತೊಡಗಿತು. ಈ ಕಥೆ ನಿಜವಾಗಿ ನಡೆದದ್ದೇ ಎಂಬ ಬಗ್ಗೆ ಇತಿಹಾಸಕಾರರಿಗೆ ಅನುಮಾನವಿದೆ. ಕೆಲಸ ಮಾಡುವವರೇ ಯಂತ್ರಗಳನ್ನು ಸುಧಾರಿಸುತ್ತಾರೆ ಎಂದು ತೋರಿಸಲು ಸ್ಮಿತ್ ಇದನ್ನು ಹೇಳಿದ. ನಾನು ಅದನ್ನು ಓದುವಾಗ ಮುಂದೇನಾಯಿತು ಎಂದು ಕೇಳಿಕೊಳ್ಳುತ್ತೇನೆ. ದಾರ ಕೆಲಸ ಮಾಡುತ್ತಿದೆ ಎಂದು ಗೊತ್ತಾದ ಮರುದಿನ ಆ ಹುಡುಗನ ಅಗತ್ಯ ಯಾರಿಗಿತ್ತು? ಆಟಕ್ಕಾಗಿ ಬಿಡುವು ಬೇಡಿದವನಿಗೆ ಬಿಡುವು ಸಿಕ್ಕಿತು, ಕೂಲಿ ನಿಂತಿರಬೇಕು. ಕೆಲಸ ಹಗುರ ಮಾಡುವ ಉಪಾಯವನ್ನು ಕೊಡುವವನು ಎಷ್ಟೋ ಸಲ ತನ್ನ ಅನ್ನದ ತಟ್ಟೆಯನ್ನೇ ಅದರ ಜೊತೆ ಇಟ್ಟು ಕೊಡುತ್ತಾನೆ. ಕೇಳುವವನಿಗೆ ಇದು ನೆನಪಿರಬೇಕು.

ಈಗ ಬಿಡದಿಯ ಕಡೆ ನೋಡೋಣ. 1999ರಲ್ಲಿ ಅಲ್ಲಿ ಕಾರು ತಯಾರಿಕೆ ಶುರುಮಾಡಿದ ಟೊಯೋಟಾ, ಜಪಾನಿನಲ್ಲಿ 1951ರಲ್ಲೇ ಕೆಲಸಗಾರರ ಸಲಹೆ ಪಡೆಯುವ ಪದ್ಧತಿಯನ್ನು ಜಾರಿಗೆ ತಂದ ಕಂಪನಿ. ಅದರ ಬೇರು ಒಂದು ಸಣ್ಣ ಉದ್ಯಮದಲ್ಲಿದೆ. ಬಡಗಿಯೊಬ್ಬನ ಮಗ ಸಕಿಚಿ ತೊಯೋಡಾ ಮರದ ಮಗ್ಗಗಳನ್ನು ಸುಧಾರಿಸುತ್ತ ಹೋಗಿ, ಎಳೆ ಕಡಿದರೆ ತಾನಾಗಿ ನಿಲ್ಲುವ ಮಗ್ಗ ಮಾಡಿದ. ಮುಂದೆ ಕಾರಿನ ಕಾರ್ಖಾನೆಯಲ್ಲಿ ಅದೇ ತತ್ವ ಬೇರೆ ರೂಪ ತಾಳಿತು: ದೋಷ ಕಂಡರೆ ಕೆಲಸಗಾರ ಹಗ್ಗ ಎಳೆದು ಸಾಲನ್ನೇ ನಿಲ್ಲಿಸಬಹುದು. ಇಲ್ಲಿ ಕಲಿಯಬೇಕಾದ ಪಾಠವೆಂದರೆ ಸಲಹೆಗೆ ಉತ್ತರ ಸಿಗುತ್ತದೆ ಎಂಬ ಖಾತರಿ. ಹೇಳಿದ್ದು ಎಲ್ಲೋ ದಾಖಲಾಗುತ್ತದೆ, ಯಾರೋ ಪರೀಕ್ಷಿಸುತ್ತಾರೆ, ಆಯಿತು ಅಥವಾ ಆಗದು ಎನ್ನುತ್ತಾರೆ. ಆದರೆ ಇದನ್ನೇ ಸ್ವರ್ಗವೆಂದು ತಿಳಿಯಬೇಕಿಲ್ಲ. ಅದೇ ಬಿಡದಿ ಕಾರ್ಖಾನೆ 2014ರ ಮಾರ್ಚಿನಲ್ಲೂ 2020ರ ನವೆಂಬರಿನಲ್ಲೂ ಕಾರ್ಮಿಕರೊಂದಿಗಿನ ಬಿಕ್ಕಟ್ಟಿನಿಂದ ಬೀಗಮುದ್ರೆ ಕಂಡಿತು. ಸರಿ ಯಾರು ತಪ್ಪು ಯಾರು ಎಂಬ ವಿಚಾರಣೆಗೆ ನಾನು ಹೋಗುವುದಿಲ್ಲ. ಸಲಹೆ ಪೆಟ್ಟಿಗೆ ಎಷ್ಟೇ ಒಳ್ಳೆಯದಿದ್ದರೂ ಕೂಲಿ, ಕೆಲಸದ ಹೊರೆ, ಗೌರವ ಇವುಗಳ ಪ್ರಶ್ನೆಗೆ ಅದು ಬದಲಿಯಾಗದು ಎಂಬುದಷ್ಟೇ ನನ್ನ ಮಾತು.

ಕಾನೂನು ಏನಾದರೂ ದಾರಿ ತೋರುತ್ತದೆಯೇ? ಚನ್ನಪಟ್ಟಣದ ಬೊಂಬೆಗೆ 2005-06ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿತು. ಅದು ಊರಿನ, ಸಮುದಾಯದ ಹಕ್ಕು. ಒಬ್ಬ ಕಡೆತಗಾರನ ಒಂದು ಹೊಸ ಆಕಾರವನ್ನು ಅದು ಗುರುತಿಸುವುದಿಲ್ಲ. 2000ದ ವಿನ್ಯಾಸ ಕಾಯ್ದೆಯ ಪ್ರಕಾರ, ಪ್ರತಿಫಲ ಪಡೆದು ಬೇರೊಬ್ಬರಿಗಾಗಿ ವಿನ್ಯಾಸ ಮಾಡಿಕೊಟ್ಟರೆ ಒಡೆತನ ಮಾಡಿಸಿಕೊಂಡವರದು. 1970ರ ಪೇಟೆಂಟ್ ಕಾಯ್ದೆಯಲ್ಲಿ ಕಂಡುಹಿಡಿದವನ ಹೆಸರನ್ನು ನಮೂದಿಸಲು ಅವಕಾಶವಿದೆ, ನೌಕರನ ಆವಿಷ್ಕಾರಕ್ಕೆ ಇಷ್ಟು ಪಾಲು ಎಂಬ ಪ್ರತ್ಯೇಕ ನಿಯಮವಿಲ್ಲ. ಗೂಡು ಬೇಯಿಸುವ ಹದದಂಥ ಉಪಾಯಗಳಂತೂ ಯಾವ ಕಾಯ್ದೆಯ ಬಲೆಗೂ ಬೀಳುವುದಿಲ್ಲ. ಹೀಗಾಗಿ ಊರಿಗೊಂದು ಹಕ್ಕು, ಮಾಲೀಕನಿಗೊಂದು ಹಕ್ಕು, ನಡುವೆ ಯೋಚಿಸಿದವನು ಬರಿಗೈ. ಜರ್ಮನಿ 1957ರಲ್ಲೇ ಒಂದು ಕಾಯ್ದೆ ಮಾಡಿ, ನೌಕರನ ಆವಿಷ್ಕಾರವನ್ನು ಮಾಲೀಕ ತನ್ನದಾಗಿಸಿಕೊಂಡರೆ ನ್ಯಾಯವಾದ ಪರಿಹಾರ ಕೊಡಬೇಕೆಂದಿತು.

ಜಪಾನಿನ ಶುಜಿ ನಕಮುರ ಅವರ ಪ್ರಕರಣ ಇಲ್ಲಿ ನೆನೆಯತಕ್ಕದ್ದು. ತೊಕುಶಿಮಾ ಪ್ರಾಂತ್ಯದ ನಿಚಿಯಾ ಎಂಬ, ಆಗ ಅಷ್ಟೇನೂ ದೊಡ್ಡದಲ್ಲದ ಕಂಪನಿಯ ನೌಕರರಾಗಿದ್ದ ಅವರು 1990ರ ದಶಕದ ಆರಂಭದಲ್ಲಿ ಪ್ರಖರವಾದ ನೀಲಿ ಎಲ್‌ಇಡಿ ತಯಾರಿಸಿದರು. ಸಂಸ್ಥೆಯ ಸ್ಥಾಪಕರು ದೊಡ್ಡ ಮೊತ್ತವನ್ನು ಪಣಕ್ಕಿಟ್ಟು ಬೆಂಬಲಿಸಿದ್ದರು. ಆವಿಷ್ಕಾರಕ್ಕೆ ನಕಮುರ ಅವರಿಗೆ ಬಂದ ಬಹುಮಾನ 20 ಸಾವಿರ ಯೆನ್. ಅವರು ನ್ಯಾಯಾಲಯಕ್ಕೆ ಹೋದರು. 2004ರಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ 2,000 ಕೋಟಿ ಯೆನ್ ಕೊಡಲು ಹೇಳಿತು, 2005ರಲ್ಲಿ ಸುಮಾರು 84 ಕೋಟಿ ಯೆನ್‌ಗೆ ರಾಜಿಯಾಯಿತು. 2014ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಬಂತು. ಇಪ್ಪತ್ತು ಸಾವಿರ, ಎರಡು ಸಾವಿರ ಕೋಟಿ, ಎಂಬತ್ತನಾಲ್ಕು ಕೋಟಿ: ಒಂದೇ ಯೋಚನೆಗೆ ಮೂರು ಬೆಲೆ. ಯೋಚನೆಗೆ ಸರಿಯಾದ ಬೆಲೆ ಇಷ್ಟೇ ಎಂದು ಹೇಳಲು ಯಾರಿಂದಲೂ ಆಗದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಬೆಲೆ ಖಚಿತವಾಗಿ ಗೊತ್ತಿಲ್ಲ ಎಂಬುದು ಕೊಡದೆ ಇರುವುದಕ್ಕೆ ನೆಪವಾಗಬಾರದು.

ದೊಡ್ಡ ಕಂಪನಿಗಳಿಗಿಲ್ಲದ ಒಂದು ತೊಡಕು ನಮ್ಮ ಸಣ್ಣ ಉದ್ಯಮಗಳಲ್ಲಿದೆ. ಅಲ್ಲಿ ಮಾಲೀಕನೂ ಕೆಲಸಗಾರನೂ ಒಂದೇ ಬೀದಿಯವರು, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುವವರು. ಕಷ್ಟಕ್ಕೆ ಮುಂಗಡ ಕೊಡುತ್ತಾನೆ, ಹಬ್ಬಕ್ಕೆ ಬಟ್ಟೆ ಕೊಡುತ್ತಾನೆ, 'ಅವರು ನಮ್ಮ ಮನೆಯವರಿದ್ದ ಹಾಗೆ' ಎನ್ನುತ್ತಾನೆ. ಅದರಲ್ಲಿ ಪ್ರೀತಿ ಇಲ್ಲವೆಂದು ನಾನು ಹೇಳಲಾರೆ. ಆದರೆ ಮನೆಯ ಮಾತು ಬಂದಾಗ ಲೆಕ್ಕದ ಮಾತು ಆಡುವುದು ಅಸಭ್ಯವಾಗಿಬಿಡುತ್ತದೆ. ಉಪಾಯ ಕೊಟ್ಟವನು 'ನನಗೇನು' ಎಂದು ಕೇಳಿದರೆ ಅವನೇ ಕೃತಘ್ನ. ನಿಜವಾದ ಮನೆಯಲ್ಲಾದರೋ ಒಟ್ಟಾಗಿ ದುಡಿದ ತಮ್ಮನಿಗೆ ಪಾಲಾಗುವ ದಿನ ಭಾಗ ಕೇಳುವ ಹಕ್ಕಿರುತ್ತದೆ. ಇಲ್ಲಿ ದುಡಿಯುವಾಗ ಮನೆಯವನು, ಪಾಲಿನ ದಿನ ಕೂಲಿಯವನು. ಹೀಗಾಗದಂತೆ ನೋಡಿಕೊಳ್ಳುವ ಹೊಣೆ ಆ ಮಾತಾಡಿದವನದು.

ಹಾಗಾದರೆ ಸಲ್ಲಬೇಕಾದ್ದು ಏನು? ನನಗೆ ತೋರುವಂತೆ ಮೊದಲನೆಯದು ಉತ್ತರ. ಕೇಳಿದ ಮೇಲೆ ಏನಾಯಿತೆಂದು ಹೇಳಬೇಕು. ಬೇಡವೆನಿಸಿದರೆ ಯಾಕೆ ಬೇಡ ಎಂದೂ ಹೇಳಬೇಕು. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ, ಆದರೂ ಹೆಚ್ಚಾಗಿ ತಪ್ಪಿಹೋಗುವುದು ಇದೇ. ಎರಡನೆಯದು ಅಭಯ. ನೀನು ಹೇಳಿದ ದಾರಿಯಿಂದ ನಿನ್ನ ತುಂಡಿನ ದರ ಇಳಿಯುವುದಿಲ್ಲ, ನಿನ್ನ ಕೆಲಸ ಹೋಗುವುದಿಲ್ಲ ಎಂಬ ಮಾತು ಕೊಟ್ಟು ಉಳಿಸಿಕೊಳ್ಳದವನಿಗೆ ಕೇಳುವ ಅರ್ಹತೆಯಿಲ್ಲ.

ಮೂರನೆಯದು ಪಾಲು. ಇದಕ್ಕೆ ಜರ್ಮನಿಗೆ ಹೋಗಬೇಕಿಲ್ಲ, ನಮ್ಮ ಹಳ್ಳಿಗಳಲ್ಲೇ ಮಾದರಿಯಿದೆ. ಹಸುವನ್ನೋ ಕುರಿಯನ್ನೋ ಪಾಲಿಗೆ ಬಿಡುವ ಪದ್ಧತಿ ಗೊತ್ತಿರುವವರಿಗೆ ಇದು ಅರ್ಥವಾಗುತ್ತದೆ. ತಾಯಿ ಒಡೆಯನದೇ, ಸಾಕಿದವನ ಕೈಯಲ್ಲಿ ಹುಟ್ಟಿದ ಮರಿಯಲ್ಲಿ ಇಬ್ಬರಿಗೂ ಪಾಲು. ಸಾಕುವವನನ್ನು ಅಲ್ಲಿ ಯಾರೂ ಬರೀ ಕೂಲಿಯವನೆನ್ನುವುದಿಲ್ಲ. ಕಾರ್ಖಾನೆ ಮಾಲೀಕನದೇ ಆಗಿರಲಿ. ಕೆಲಸಗಾರನ ಯೋಚನೆಯಿಂದ ಹುಟ್ಟಿದ ಹೆಚ್ಚುವರಿ ಆದಾಯದಲ್ಲಿ ಒಂದು ಭಾಗ, ಒಂದು ವರ್ಷವೋ ಎರಡು ವರ್ಷವೋ, ಅವನಿಗೆ ಬರಲಿ. ಎಷ್ಟು ಎಂಬುದನ್ನು ಉಪಾಯ ಕೇಳುವ ಮೊದಲೇ ಇಬ್ಬರೂ ಕೂತು ಮಾತಾಡಿಕೊಳ್ಳಲಿ. ಮರಿ ಹುಟ್ಟಿದ ಮೇಲೆ ಪಾಲಿನ ಮಾತು ತೆಗೆದರೆ ಜಗಳ ಖಂಡಿತ.

ನಾಲ್ಕನೆಯದು ಹೆಸರು. ಸಾಹಿತ್ಯ ಓದುವ ನಮಗೆ ಇದು ಹತ್ತಿರದ ವಿಷಯ. ಹನ್ನೆರಡನೆಯ ಶತಮಾನದ ವಚನಕಾರರನ್ನು ನಾವು ಈಗಲೂ ಕರೆಯುವುದು ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಕದಿರ ರೆಮ್ಮವ್ವೆ ಎಂದು. ಕಾಯಕ ಹೆಸರಿನ ಭಾಗವಾಯಿತು, ಕಾಯಕ ಮಾಡುವವರ ಯೋಚನೆ ಅವರವರ ಅಂಕಿತದೊಂದಿಗೆ ಉಳಿಯಿತು. ನೂಲುವ ಹೆಂಗಸಿಗೆ ನೂಲಿನ ಕುರಿತಷ್ಟೇ ಅಲ್ಲ, ಬದುಕಿನ ಕುರಿತೂ ಹೇಳಲು ಏನೋ ಇದೆ ಎಂದು ಒಪ್ಪಿದ ಭಾಷೆ ಇದು. ಅದೇ ಭಾಷೆಯಲ್ಲಿ ವ್ಯವಹಾರ ಮಾಡುವ ಊರಿನಲ್ಲಿ ಒಂದು ಬೊಂಬೆಯ ಪೆಟ್ಟಿಗೆಯ ಮೇಲೆ ಬ್ರಾಂಡಿನ ಹೆಸರಿಗೆ ಜಾಗವಿದೆ, ನಗರದಿಂದ ಬಂದ ವಿನ್ಯಾಸಕಾರರ ಹೆಸರಿಗೂ ಒಮ್ಮೊಮ್ಮೆ ಜಾಗವಿರುತ್ತದೆ. ಆ ವಿನ್ಯಾಸದ ಕುತ್ತಿಗೆ ಮುರಿಯುತ್ತದೆಂದು ತೋರಿಸಿ ಅದನ್ನು ಆಗುಮಾಡಿದವನ ಹೆಸರಿಗೆ ಅಪರೂಪ.

ಹೆಸರು ಹಾಕಿದರೆ ಉಳಿದವರಿಗೆ ಹೊಟ್ಟೆಕಿಚ್ಚು, ಯಾವ ಯೋಚನೆಯೂ ಒಬ್ಬನದಲ್ಲ, ಪಕ್ಕದವನ ಮಾತು, ಅಪ್ಪ ಕಲಿಸಿದ್ದು ಎಲ್ಲ ಸೇರಿರುತ್ತದೆ ಎಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. ಚನ್ನಪಟ್ಟಣದ ಯಾವ ಬೊಂಬೆಯೂ ಒಬ್ಬನ ತಲೆಯಿಂದ ಇಳಿದದ್ದಲ್ಲ. ಹಾಗಿದ್ದರೆ ಇಬ್ಬರ ಹೆಸರು ಹಾಕಲಿ, ನಾಲ್ವರ ಹೆಸರು ಹಾಕಲಿ, ಪಾಲನ್ನು ಎಲ್ಲರಿಗೂ ಹಂಚಲಿ. ಎಲ್ಲರದೂ ಆದದ್ದು ಕೊನೆಗೆ ಒಬ್ಬ ಮಾಲೀಕನದು ಮಾತ್ರ ಹೇಗಾಗುತ್ತದೆ ಎಂಬುದನ್ನು ಆ ಆಕ್ಷೇಪ ವಿವರಿಸುವುದಿಲ್ಲ.

ನಮ್ಮ ಓದುಗರಲ್ಲಿ ವಿದ್ಯಾರ್ಥಿಗಳು ಹೆಚ್ಚು. ನಾಳೆ ನಿಮ್ಮಲ್ಲಿ ಕೆಲವರು ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡುತ್ತೀರಿ, ಕೆಲವರು ನಾಲ್ಕು ಜನರನ್ನಿಟ್ಟುಕೊಂಡು ಏನಾದರೂ ಶುರುಮಾಡುತ್ತೀರಿ. ಮೊದಲ ದಿನ ಒಂದು ನೋಟುಪುಸ್ತಕ ಇಡಿ. ಹಾಜರಿ ಪುಸ್ತಕದ ಪಕ್ಕದಲ್ಲೇ ಇರಲಿ. ಯಾರು ಏನು ಹೇಳಿದರು, ಯಾವ ತಾರೀಖು, ಅದರಿಂದ ಏನಾಯಿತು, ಅವರಿಗೆ ಏನು ಸಂದಿತು ಎಂದು ನಾಲ್ಕು ಕಲಂ ಎಳೆದರೆ ಸಾಕು. ಕೊನೆಯ ಕಲಂ ಬಹಳ ದಿನ ಖಾಲಿ ಉಳಿದರೆ, ಮುಂದಿನ ಸಲಹೆ ಕೇಳುವ ಮುಂಚೆ ಅದನ್ನು ತುಂಬಿಸಿ.